ನಮ್ಮವರ ಲೆಕ್ಕಕ್ಕೆ ಸಿಗದ ಎರಡು ವರ್ಷ

ಅರವತ್ತು ದಾಟಿದ ನಮ್ಮ ಜನರ ಕೈಗೆ ಒಂದು ಸರಕಾರಿ ಫಾರ್ಮ್ ಕೊಟ್ಟು ನೋಡಿ, ಮಧ್ಯಾಹ್ನದೊಳಗೆ ಏನಾದರೊಂದು ಆಗಿಯೇ ಆಗುತ್ತದೆ. ನಾನು ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ ಒಂದು ಸಣ್ಣ ಸಹಾಯ ಕೇಂದ್ರದಲ್ಲಿ ವಾರಕ್ಕೆ ಮೂರು ದಿನ ಕೂತು ಹಿರಿಯರಿಗೆ ಫಾರ್ಮ್ ತುಂಬಿಕೊಡುತ್ತಿದ್ದೆ. ಊರಿನಲ್ಲಿ ನಾನು ಮಂಗಳೂರಿನ ಕ್ರೈಸ್ತರ ಮನೆಯವಳು, ಮನೆಮಾತು ಕೊಂಕಣಿ, ಆದರೆ ನನಗೂ ಅರವತ್ತು ದಾಟಿದ್ದರೂ ಆ ಮೇಜಿನ ಹಿಂದೆ ಕೂತರೆ ಬಂದವರೆಲ್ಲ ಅಂಕಲ್, ನಾನು ಎಲ್ಲರ ಸೊಸೆ, ಎಲ್ಲರ ಗುಮಾಸ್ತೆ. ಕೇಂದ್ರದಲ್ಲಿ ನಡೆದದ್ದಕ್ಕೆಲ್ಲ ನಗುತ್ತಿದ್ದೆ. ಮನೆಯಲ್ಲಿ ನಡೆದದ್ದಕ್ಕೆ ನಗಲು ಮಾತ್ರ ಸ್ವಲ್ಪ ಸಮಯ ಹಿಡಿಯಿತು, ಏಕೆಂದರೆ ಅಲ್ಲಿ ನನ್ನ ಗಂಡನ ಮೊಣಕಾಲಿನ ಪ್ರಶ್ನೆ ಇತ್ತು.

೧. ಅಮೆರಿಕದಿಂದ ಬಂದ ಗಡುವು

ಗ್ಲೆನ್ ವೇವರ್ಲಿಯ ಒಬ್ಬ ಅಂಕಲ್. ಬೆಂಗಳೂರಿನಲ್ಲಿ ಬ್ಯಾಂಕ್ ಆಫೀಸರ್ ಆಗಿದ್ದವರು. ಒಂದು ದಿನ ನಾವು ಬಾಗಿಲು ತೆರೆಯುವ ಮೊದಲೇ ಎದೆಗೆ ಫೈಲ್ ಅವಚಿಕೊಂಡು ಮೆಟ್ಟಿಲ ಮೇಲೆ ನಿಂತಿದ್ದರು. ಅಮೆರಿಕದಲ್ಲಿರುವ ಅವರ ತಂಗಿ ಹಿಂದಿನ ದಿನ ಫೋನ್ ಮಾಡಿ ಹೆದರಿಸಿದ್ದಳಂತೆ. ಅರವತ್ತೈದು ತುಂಬುವ ತಿಂಗಳಿಗೆ ಹಿಂದೆ ಮೂರು ತಿಂಗಳು, ಮುಂದೆ ಮೂರು ತಿಂಗಳು, ಅಷ್ಟರೊಳಗೆ ಸರಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಹೆಸರು ಬರೆಸದಿದ್ದರೆ ಬದುಕಿರುವವರೆಗೂ ದಂಡ ಕಟ್ಟಬೇಕು ಎಂದು. ಅಂಕಲ್ ಬೆರಳು ಮಡಚಿ ಎಣಿಸಿದ್ದರು. ಅವರ ಪ್ರಕಾರ ಇನ್ನು ಮೂರೇ ದಿನ ಉಳಿದಿತ್ತು.

ಅದು ಅಮೆರಿಕದ ಪದ್ಧತಿ, ಹೆಸರು ಒಂದೇ ಆದರೂ ಇಲ್ಲಿ ಅಂಥ ಗಡುವೇ ಇಲ್ಲ ಎಂದು ಹೇಳಿದೆ. ನಂಬಲಿಲ್ಲ. ಅವರ ಪರ್ಸ್ ತೆಗೆಸಿ ಅದರಿಂದಲೇ ಹಸಿರು ಮೆಡಿಕೇರ್ ಕಾರ್ಡ್ ಹೊರತೆಗೆದು ಮೇಜಿನ ಮೇಲಿಟ್ಟೆ. ಇಲ್ಲೇ ನೆಲೆಸಲು ಪಿಆರ್ ಸಿಕ್ಕಿದ ವರ್ಷದಿಂದ ಅದು ಅವರ ಜೇಬಿನಲ್ಲೇ ಇತ್ತು. ಅದನ್ನೇ ತೋರಿಸಿ ಕಣ್ಣಿನ ಡಾಕ್ಟರ ಹತ್ತಿರವೂ ಹೋಗಿ ಬಂದಿದ್ದರು.

"ಹಾಗಾದ್ರೆ ನಾನು ಏನೂ ಮಾಡ್ಬೇಕಾಗಿಲ್ವಾ?"

"ಏನೂ ಇಲ್ಲ ಅಂಕಲ್."

ಎದ್ದರು. ಬಾಗಿಲವರೆಗೆ ಹೋಗಿ ತಿರುಗಿ ಬಂದರು. "ಏನೂ ಮಾಡ್ಬೇಕಾಗಿಲ್ಲ ಅಂತ ಒಂದು ಲೆಟರ್ ಕೊಟ್ಬಿಡಮ್ಮ, ಸೀಲ್ ಹಾಕಿ."

ಕೊಟ್ಟೆ. ಅದರದ್ದೂ ಎರಡು ಝೆರಾಕ್ಸ್ ಮಾಡಿಸಿಕೊಂಡು ಹೋದರು.

೨. ಊರಿನ ಮುಹೂರ್ತ

ಇನ್ನೊಬ್ಬ ಅಂಕಲ್ ಉಡುಪಿ ಕಡೆಯ ತುಳುವರು. ಅವರದು ಇಲ್ಲಿ ಆಗ ಅರವತ್ತೈದಕ್ಕೆ ಸಿಗುತ್ತಿದ್ದ ಸರಕಾರಿ ಪಿಂಚಣಿಯ ಅರ್ಜಿ. ಅರವತ್ತೈದು ತುಂಬುವ ಹದಿಮೂರು ವಾರ ಮೊದಲೇ ಅರ್ಜಿ ಕೊಡಬಹುದು ಎಂದು ನಾನೇ ಹೇಳಿದ್ದೆ. ಹದಿಮೂರು ವಾರವೂ ಅವರು ಪಂಚಾಂಗದಲ್ಲಿ ಒಳ್ಳೆಯ ದಿನ ಹುಡುಕಿದರು. ಕೊನೆಗೆ ಉಡುಪಿಯ ಭಟ್ಟರು ಒಂದು ಬುಧವಾರ ಮಧ್ಯಾಹ್ನ ಎರಡು ಗಂಟೆ ಎಂದು ಹೇಳಿದರಂತೆ. ಉಡುಪಿಯ ಎರಡು ಗಂಟೆ ಎಂದರೆ ಮೆಲ್ಬರ್ನಿನಲ್ಲಿ ಸಂಜೆ ಆರೂವರೆ. ನಾವು ಐದಕ್ಕೇ ಬೀಗ ಹಾಕಿ ಹೋಗಿದ್ದೆವು. ಅವರು ಬಿಡಲಿಲ್ಲ, ಬಂದು ಬಾಗಿಲ ಕೆಳಗಿನಿಂದ ಫಾರ್ಮ್ ಒಳಗೆ ತೂರಿಸಿ ಹೋದರು.

ಗುರುವಾರ ಬೆಳಿಗ್ಗೆ ಎತ್ತಿ ನೋಡಿದರೆ ಸಹಿಯೇ ಇಲ್ಲ. ಫೋನ್ ಮಾಡಿ ಕರೆಸಿದೆ. ಬರುವಾಗ ಒಂದೂವರೆ. ಪೆನ್ನು ಕೊಟ್ಟರೆ ಮುಟ್ಟಲಿಲ್ಲ. ಗುರುವಾರ ಒಂದೂವರೆಯಿಂದ ಮೂರು ರಾಹುಕಾಲ ಎಂದು ಎದುರಿನ ಕುರ್ಚಿಯಲ್ಲಿ ಕೈಕಟ್ಟಿ ಕೂತರು.

ನನಗೆ ರೇಗಿತು. ನಿನ್ನೆಯ ಮುಹೂರ್ತಕ್ಕೆ ಉಡುಪಿಯ ಗಡಿಯಾರ, ಇವತ್ತಿನ ರಾಹುಕಾಲಕ್ಕೆ ಮೆಲ್ಬರ್ನಿನ ಗಡಿಯಾರ, ಇದು ಯಾವ ನ್ಯಾಯ ಎಂದು ಕೇಳಿದೆ.

"ಒಳ್ಳೆ ಟೈಮ್ ಊರಿಂದಲೇ ತರಿಸ್ಬೇಕು ಮಾರಾಯ್ರೆ. ಕೆಟ್ಟ ಟೈಮ್ ಇಲ್ಲೇ ಬೇಕಾದಷ್ಟು ಸಿಗ್ತದೆ" ಎಂದರು.

೩. ರಾಹುಕಾಲದಲ್ಲಿ ಹುಟ್ಟಿದ ಐಡಿಯಾ

ರಾಹುಕಾಲ ನಿಜವಾಗಿಯೂ ಕೆಟ್ಟದ್ದು ಎಂದು ನನಗೆ ಅವತ್ತೇ ಗೊತ್ತಾದದ್ದು. ಎರಡು ಗಂಟೆಗೆ ಶಿಫ್ಟ್ ಮುಗಿಸಿದ ನಮ್ಮವರು ನನ್ನನ್ನು ಕರೆದುಕೊಂಡು ಹೋಗಲು ಬಂದು, ಆ ಅಂಕಲ್ ಪಕ್ಕದಲ್ಲೇ ಕೂತರು.

ನಮ್ಮವರಿಗೆ ಗೋದಾಮಿನಲ್ಲಿ ಕೆಲಸ. ದಿನವಿಡೀ ಸಿಮೆಂಟು ನೆಲದ ಮೇಲೆ ನಿಂತು ಪೆಟ್ಟಿಗೆ ವಿಂಗಡಿಸುವುದು. ಮನೆಗೆ ಬಂದರೆ ಮೂರು ಮೆಟ್ಟಿಲು ಹತ್ತುವುದಕ್ಕೆ ಗೋಡೆ ಹಿಡಿಯಬೇಕು. ರಾತ್ರಿ ಮೊಣಕಾಲಿಗೆ ಎಣ್ಣೆ ಹಚ್ಚುವಾಗ ನನಗೆ ಅಳು ಬರುತ್ತಿತ್ತು. ಪಾಸ್‌ಪೋರ್ಟ್ ಪ್ರಕಾರ ಅವರಿಗೆ ಅರವತ್ತಮೂರು. ಪಿಂಚಣಿಗೆ ಇನ್ನೂ ಎರಡು ವರ್ಷ ನಿಂತೇ ಕಳೆಯಬೇಕು.

ಆದರೆ ಮದುವೆಯಾದ ದಿನದಿಂದ ಅವರು ಹೇಳುತ್ತಿದ್ದದ್ದು ಒಂದೇ. ಶಾಲೆಗೆ ಸೇರಿಸುವಾಗ ಅಪ್ಪ ಎರಡು ವರ್ಷ ಕಡಿಮೆ ಬರೆಸಿದ್ದಾರೆ, ನನ್ನ ನಿಜವಾದ ವಯಸ್ಸು ಬೇರೆ. ಆ ಕಾಲದಲ್ಲಿ ಎಲ್ಲರ ಮನೆಯಲ್ಲೂ ಹಾಗೆ ಬರೆಸುತ್ತಿದ್ದರು, ಮಗ ನೌಕರಿಯಲ್ಲಿ ಎರಡು ವರ್ಷ ಹೆಚ್ಚು ಇರಲಿ ಎಂದು. ಹಾಗಾಗಿ ಯಾರೂ ಅನುಮಾನಿಸಲಿಲ್ಲ. ಆ ಎರಡು ವರ್ಷದ ಬಲದಿಂದ ಅವರು ನಮ್ಮ ಬಳಗದಲ್ಲೆಲ್ಲ ಹಿರಿಯರಾಗಿಬಿಟ್ಟಿದ್ದರು. ಸಿಡ್ನಿಯ ಮ್ಯಾಕ್ವೆರಿ ಪಾರ್ಕಿನಲ್ಲಿ ಔಷಧ ಕಂಪನಿಯಲ್ಲಿರುವ ನನ್ನ ಅಣ್ಣನಿಗೆ ಅರವತ್ತನಾಲ್ಕು. ಅವನಿಗೂ ಇವರು ಬುದ್ಧಿ ಹೇಳುತ್ತಿದ್ದರು.

ಅವತ್ತೂ ನಮ್ಮವರು ಹೇಳಿದ ಈ ಕಥೆ ಕೇಳಿ ಉಡುಪಿ ಅಂಕಲ್ ಕಣ್ಣರಳಿಸಿ, ನಿಮ್ಮ ಚರ್ಚು, ಇಗರ್ಜಿಯಲ್ಲಿ ಹುಟ್ಟಿದ ತಾರೀಕಿನ ಸಮೇತ ಜ್ಞಾನಸ್ನಾನದ ದಾಖಲೆ ಇರುತ್ತದಲ್ಲ, ಅದನ್ನು ತರಿಸಿ ವಯಸ್ಸು ತಿದ್ದಿಸಿಕೊಳ್ಳಿ ಎಂದರು. ಅಷ್ಟು ಸುಲಭವಲ್ಲ, ಪಾಸ್‌ಪೋರ್ಟಿನಿಂದ ಹಿಡಿದು ಎಲ್ಲದರಲ್ಲೂ ಅದೇ ತಾರೀಕಿದೆ ಎಂದು ನಾನು ಎಷ್ಟು ಹೇಳಿದರೂ ನಮ್ಮವರ ಕಿವಿಗೆ ಹೋಗಲಿಲ್ಲ. ಅವತ್ತೇ ಫೋನ್ ಕಾರ್ಡ್ ಕೊಂಡು ಮಂಗಳೂರಿನಲ್ಲಿರುವ ತಮ್ಮ ಅಕ್ಕನಿಗೆ ಆ ದಾಖಲೆ ಕಳಿಸಲು ಹೇಳಿದರು. ಮರುದಿನ ಪಿಂಚಣಿ ಕಚೇರಿಗೆ ವಯಸ್ಸಿನ ತಿದ್ದುಪಡಿ ಕೋರಿ ಒಂದು ಅರ್ಜಿ ಬರೆದು ನನ್ನ ಬ್ಯಾಗಿಗೆ ಹಾಕಿ, ಸೋಮವಾರವೇ ಕೊಟ್ಟುಬಿಡು ಎಂದರು. ಅದರ ಮರುದಿನ ಗೋದಾಮಿನ ಸೂಪರ್‌ವೈಸರ್‌ಗೆ, ಕ್ರಿಸ್‌ಮಸ್ ಆದ ಮೇಲೆ ನಾನು ಬರುವುದಿಲ್ಲ ಎಂದೂ ಹೇಳಿ ಬಂದರು.

ಆ ಸೂಪರ್‌ವೈಸರ್ ಒಳ್ಳೆಯ ಮನುಷ್ಯ. ಯಾಕೆ ಎಂದು ಕೇಳಿದನಂತೆ. ಅರವತ್ತೈದಾಯಿತು, ಮೊಣಕಾಲು ನೋವು ಎಂದರಂತೆ. ಮೊದಲೇ ಹೇಳಬಾರದಿತ್ತೇ ಎಂದು ಸೋಮವಾರದಿಂದ ಕೂತು ಮಾಡುವ ಕೆಲಸ ಕೊಟ್ಟ. ನಾಲ್ಕು ವರ್ಷ ನಿಂತವರು, ಬಾಯಿ ಬಿಟ್ಟ ಐದನೇ ನಿಮಿಷಕ್ಕೆ ಕುರ್ಚಿ ಸಿಕ್ಕಿತು. "ಅರವತ್ತೈದು ಅಂದ ತಕ್ಷಣ ಹೇಗೆ ಮರ್ಯಾದೆ ಬಂತು ನೋಡು" ಎಂದು ನನಗೇ ಪಾಠ ಹೇಳಿದರು.

೪. ತೆನೆ ಹಬ್ಬ

ನಮ್ಮಲ್ಲಿ ಸೆಪ್ಟೆಂಬರಿನಲ್ಲಿ ಮೊಂತಿ ಹಬ್ಬ. ಇಗರ್ಜಿಯಲ್ಲಿ ಆಶೀರ್ವದಿಸಿದ ಹೊಸ ಭತ್ತದ ತೆನೆ ಮನೆಗೆ ತಂದು, ಅದರ ಅಕ್ಕಿಯನ್ನು ಹಾಲಿನಲ್ಲಿ ಬೆರೆಸಿ, ಮನೆಯ ಹಿರಿಯರು ವಯಸ್ಸಿನ ಪ್ರಕಾರ ಎಲ್ಲರಿಗೂ ಒಂದೊಂದು ಚಮಚ ಕೊಡಬೇಕು. ಮೆಲ್ಬರ್ನಿನಲ್ಲಿ ಎಲ್ಲರಿಗೂ ರಜೆ ಹೊಂದುವ ಭಾನುವಾರವೇ ಹಬ್ಬ. ಆ ಸಲ ಅದು ತಿಂಗಳ ಕೊನೆಗೆ ಬಂತು. ಸಿಡ್ನಿಯಿಂದ ಅಣ್ಣನೂ ಬಂದಿದ್ದ. ಚಮಚ ಮಾತ್ರ ಎಂದಿನಂತೆ ನಮ್ಮವರ ಕೈಯಲ್ಲಿತ್ತು.

ಎರಡು ದಿನ ಮೊದಲು ಅಕ್ಕನ ಲಕೋಟೆ ಬಂದಿತ್ತು. ಎಲ್ಲರ ಎದುರಿಗೆ ಒಡೆಯಬೇಕೆಂದು ನಮ್ಮವರು ಅದನ್ನು ಏಸುವಿನ ಪಟದ ಮುಂದೆ ಇಟ್ಟಿದ್ದರು. ಆದರೆ ದಾರಿಯಲ್ಲೇ ಅದನ್ನು ಯಾರೋ ಒಡೆದು ಅಂಟಿಸಿದ್ದರು. ಒಳಗೆ, ಹೊರದೇಶದ ಬೀಜ, ಧಾನ್ಯ ತಪಾಸಣೆ ಮಾಡುವ ಕ್ವಾರಂಟೈನ್‌ನವರ ಒಂದು ಚೀಟಿ. ಅಕ್ಕ ಪ್ರೀತಿಯಿಂದ ಒಂದು ತೆನೆಯನ್ನೂ ಇಟ್ಟಿದ್ದಳು. ಧಾನ್ಯ ಈ ದೇಶಕ್ಕೆ ಬರುವಂತಿಲ್ಲ, ತೆಗೆದು ನಾಶ ಮಾಡಿದ್ದೇವೆ, ಉಳಿದದ್ದು ನಿಮಗೆ ಎಂದು ಬರೆದಿತ್ತು. ನಾನು ಇಂಡಿಯನ್ ಅಂಗಡಿಯ ಅಕ್ಕಿಯನ್ನೇ ಹಾಲಿಗೆ ಹಾಕಿದೆ.

ಉಳಿದದ್ದು ಎಂದರೆ ಸರ್ಟಿಫಿಕೇಟು ಮತ್ತು ಅಕ್ಕನ ಪತ್ರ. ನಮ್ಮವರು ಕನ್ನಡಕ ಹಾಕಿ ಗಂಟಲು ಸರಿಮಾಡಿಕೊಂಡು ಪತ್ರವನ್ನು ಗಟ್ಟಿಯಾಗಿ ಓದತೊಡಗಿದರು. "ನೀನು ಹೇಳಿದ್ದು ಸರಿ, ಶಾಲೆಯಲ್ಲಿ ಬರೆಸಿದ ತಾರೀಕು ಸುಳ್ಳು." ತಲೆಯೆತ್ತಿ ನಮ್ಮೆಲ್ಲರನ್ನೂ ಒಮ್ಮೆ ನೋಡಿ ಮುಂದುವರಿಸಿದರು. "ನಾನು ಒಬ್ಬಳೇ ಹೊಳೆ ದಾಟಿ ಶಾಲೆಗೆ ಹೋಗಲು ಹೆದರುತ್ತಿದ್ದೆ ಎಂದು ಅಮ್ಮ ನಿನ್ನನ್ನೂ ಜೊತೆಗೆ ಕಳಿಸಿದಳು. ನಿನಗಾಗ ನಾಲ್ಕೂವರೆ. ಸೇರಿಸುವುದಿಲ್ಲ ಎಂದ ಮಾಸ್ತರರಿಗೆ ಅಪ್ಪ, ಇವನಿಗೆ ಆರು ತುಂಬಿದೆ ಎಂದು..."

ಅಲ್ಲಿಗೆ ಪತ್ರ ಮಡಚತೊಡಗಿದರು.

ಪತ್ರವನ್ನು ಅಣ್ಣ ಇಸಿದುಕೊಂಡ. ಸರ್ಟಿಫಿಕೇಟು ನೋಡಿದ. ಬೆರಳು ಮಡಚಿ ಎಣಿಸಿದ. ನಮ್ಮವರಿಗೆ ಅರವತ್ತೈದೂ ಅಲ್ಲ, ಅರವತ್ತಮೂರೂ ಅಲ್ಲ. ಅರವತ್ತೊಂದೂವರೆ. ನನಗೆ ಆಗಲೇ ಅರವತ್ತೆರಡು ತುಂಬಿತ್ತು.

ನಮ್ಮವರು ನನ್ನ ಕಡೆ ತಿರುಗಿದರು. ಆ ಮುಖ ನೋಡಿ ನನಗೆ ಪಾಪ ಅನ್ನಿಸಿತು. ತಿದ್ದಿಸಲು ಹೋದರೆ ಪಿಂಚಣಿಗೆ ಎರಡು ವರ್ಷವಲ್ಲ, ಮೂರೂವರೆ ವರ್ಷ ಕಾಯಬೇಕು.

"ಆ ಅರ್ಜಿ ಕೊಟ್ಟುಬಿಟ್ಟೆಯಾ?" ಎಂದು ಮೆಲ್ಲಗೆ ಕೇಳಿದರು.

"ನೆನಪಿಲ್ಲ, ನೋಡಬೇಕು" ಎಂದೆ. ಬ್ಯಾಗಿನಲ್ಲೇ ಇತ್ತು, ಅವರು ಹಾಕಿದ ಜಾಗದಲ್ಲೇ. ಆದರೆ ಮದುವೆಯಾಗಿ ಇಷ್ಟು ವರ್ಷ ಹಿರಿಯರೆಂದು ಅವರ ಮಾತು ಕೇಳಿದ್ದೇನೆ, ಐದು ನಿಮಿಷವಾದರೂ ನನಗೆ ಸಲ್ಲಬೇಕಲ್ಲ.

ಅಣ್ಣ ಕೈ ಚಾಚಿದ. ನಮ್ಮವರು ಚಮಚ ಕೊಟ್ಟರು. ಅಣ್ಣ ಮೊದಲು ತಾನು ಕುಡಿದ, ಆಮೇಲೆ ನನಗೆ ಕೊಟ್ಟ, ಮೂರನೆಯದಾಗಿ, ಜೀವನದಲ್ಲೇ ಮೊದಲ ಬಾರಿಗೆ ಹೆಂಡತಿಯ ನಂತರ, ನಮ್ಮವರಿಗೆ.

ಅವರು ಹಾಲು ನುಂಗಿ, ಕ್ವಾರಂಟೈನ್‌ನವರ ಚೀಟಿಯನ್ನು ಇನ್ನೊಮ್ಮೆ ಕೈಗೆತ್ತಿಕೊಂಡು ಓದಿದರು.

"ಇಷ್ಟು ಕಟ್ಟುನಿಟ್ಟಿನ ದೇಶ" ಎಂದರು. "ತೆನೆ ಬಿಟ್ಟು ಅಕ್ಕನ ಕಾಗದ ಹಿಡಿಯಬಾರದಿತ್ತಾ?"