ಐದು ರೊಟ್ಟಿ ತೂಕದ ಡಿಸ್ಕು

ಯಾದಗಿರಿ ಜಿಲ್ಲೆಯಲ್ಲಿ ಡಿಸ್ಕ್ ಗಾಲ್ಫ್ ಎಂಬ ಆಟಕ್ಕೆ ಅಡಿಗಲ್ಲು ಹಾಕುವವನು ನಾನೇ ಎಂದು ಕಳೆದ ಆಷಾಢದ ಒಂದು ಭಾನುವಾರ ಬೆಳಿಗ್ಗೆ ಏಳೂವರೆಗೆ ನಿರ್ಧರಿಸಿದೆ. ನಿರ್ಧಾರವನ್ನು ನೋಟ್‌ಬುಕ್ಕಿನಲ್ಲಿ ಬರೆದು, ತಾರೀಖು ಹಾಕಿ, ಸಹಿ ಮಾಡಿದೆ. ಸಾಕ್ಷಿಯ ಸಹಿಗೆ ಹೆಂಡತಿ ದೇವಕಮ್ಮನನ್ನು ಕರೆದೆ. ಅವಳು ಒಲೆಯ ಮುಂದಿನಿಂದ ಏಳಲಿಲ್ಲ.

ನನ್ನ ಧೈರ್ಯಕ್ಕೆ ಆಧಾರವಿತ್ತು. ನಾನು ಬಿ.ಎಸ್ಸಿ., ಭೌತಶಾಸ್ತ್ರ. ಭೀಮರಾಯನಗುಡಿ ಕ್ಯಾಂಪಿನಲ್ಲಿದ್ದು ಕಾಲುವೆಯ ನೀರಿನ ಮಟ್ಟವನ್ನು ದಿನಕ್ಕೆ ಮೂರು ಸಲ ಅಳೆದು ಬರೆಯುವುದು ನನ್ನ ನೌಕರಿ. ಇಪ್ಪತ್ತೆರಡು ವರ್ಷದಲ್ಲಿ ಒಂದು ಸೆಂಟಿಮೀಟರ್ ಕೂಡ ಹೆಚ್ಚುಕಡಿಮೆ ಬರೆದವನಲ್ಲ. ಮೇಲಾಗಿ, ಹರೆಯದಲ್ಲಿ ಕಕ್ಕೇರಾದ ನಾಗರಪಂಚಮಿಯಲ್ಲಿ ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟಿ, ಊರಬಾಗಿಲ ಅಗಸಿಯಿಂದ ಹಳ್ಳದವರೆಗಿನ ದಾರಿಯನ್ನು ಹನ್ನೊಂದೇ ಎಸೆತಕ್ಕೆ ಮುಗಿಸಿದ ಭುಜ ಇದು. ಡಿಸ್ಕ್ ಗಾಲ್ಫ್ ಎಂದರೂ ಅಷ್ಟೇ. ನಿಂಬೆಹಣ್ಣಿನ ಬದಲು ಪ್ಲಾಸ್ಟಿಕ್ಕಿನ ಬಿಲ್ಲೆ, ಹಳ್ಳದ ಬದಲು ಸರಪಳಿ ತೂಗುಬಿಟ್ಟ ಕಬ್ಬಿಣದ ಬುಟ್ಟಿ. ಕಡಿಮೆ ಎಸೆತದಲ್ಲಿ ಬುಟ್ಟಿಗೆ ಹಾಕಿದವನು ಗೆದ್ದ. ಮೊಬೈಲಿನಲ್ಲಿ ಈ ಆಟವನ್ನು ಒಂದು ತಿಂಗಳು ನೋಡಿದೆ. ಅದರಲ್ಲಿ ನನಗೆ ಕಂಡ ಕೊರತೆ ಒಂದೇ: ಆಡುವವರಲ್ಲಿ ನಾನಿರಲಿಲ್ಲ.

ತರಿಸಿದ ಡಿಸ್ಕು ‘ಪಟರ್’ ಜಾತಿಯದು. ಅಂದರೆ ದೂರ ಬೀಸಲು ಅಲ್ಲ, ಹತ್ತಿರದಿಂದ ಬುಟ್ಟಿಗೆ ಹಾಕಲು. ಜೋಳದ ಹಿಟ್ಟಿನ ಬಣ್ಣ. ಅಡ್ಡಳತೆ ಇಪ್ಪತ್ತೊಂದು ಸೆಂಟಿಮೀಟರ್. ಬೋರಲು ಹಾಕಿದರೆ ಮುಚ್ಚಳ, ಅಂಗಾತ ಇಟ್ಟರೆ ಗಿಡ್ಡ ಅಂಚಿನ ಹರಿವಾಣ. ಬೆನ್ನ ಮೇಲೆ ನಾಲ್ಕು ಅಂಕಿ: ಎರಡು, ಮೂರು, ಸೊನ್ನೆ, ಒಂದು. ಮೊದಲನೆಯದು ವೇಗ. ಎರಡನೆಯದು ಗಾಳಿಯಲ್ಲಿ ಎಷ್ಟು ತೇಲುತ್ತದೆ. ಮೂರನೆಯದು ಎಸೆದ ಕೂಡಲೇ ಬಲಕ್ಕೆ ಎಷ್ಟು ಹೊರಳುತ್ತದೆ. ಸೊನ್ನೆ ಎಂದರೆ ಹೊರಳುವುದಿಲ್ಲ. ನಾಲ್ಕನೆಯದು, ವೇಗ ತಗ್ಗಿದ ಮೇಲೆ ಎಡಕ್ಕೆ ಎಷ್ಟು ಬಾಗುತ್ತದೆ; ಒಂದು ಎಂದರೆ ಬಾಗಿಯೂ ಬಾಗದಷ್ಟು. ಈ ನಾಲ್ಕನೆಯ ಅಂಕಿಯನ್ನು ಓದುಗರು ಜ್ಞಾಪಕದಲ್ಲಿಡಬೇಕು. ನಮ್ಮ ಮನೆಯ ಎಡಕ್ಕೆ ಕುಬ್ರಾಬೇಗಂ ಅವರ ಮನೆ.

ದೇವಕಮ್ಮ ಕೈ ಒರೆಸಿಕೊಳ್ಳುತ್ತ ಬಂದಳು.

“ಇದೇನ್ರಿ, ಮುಚ್ಚಳ?”

“ಮುಚ್ಚಳ ಅಲ್ಲ. ಡಿಸ್ಕು.”

“ಎದರ ಮ್ಯಾಲ ಮುಚ್ಚೂದು?”

“ಎದರ ಮ್ಯಾಲೂ ಮುಚ್ಚೂದಲ್ಲ. ಒಗಿಯೂದು.”

“ಒಗಿಯೂದಿದ್ರ ತರಿಸಿದ್ದ್ಯಾಕ?”

ಉತ್ತರಕ್ಕೆ ಕಾಯದೆ ಡಿಸ್ಕನ್ನು ಅಂಗೈಯಲ್ಲಿಟ್ಟು ಒಮ್ಮೆ ಮೇಲೆ ಕೆಳಗೆ ಮಾಡಿದಳು. “ಐದು ರೊಟ್ಟಿ ತೂಕ ಅದ,” ಎಂದಳು.

ವಿಜ್ಞಾನ ಓದಿದವನಿಗೆ ಇಂಥ ಮಾತು ಕೇಳಿ ಸುಮ್ಮನಿರಲಾಗದು. ತಕ್ಕಡಿ ತಂದೆ. ಡಿಸ್ಕು ನೂರಾ ಎಪ್ಪತ್ತನಾಲ್ಕು ಗ್ರಾಂ. ಅವಳದೇ ಐದು ಕಡಕ್ ರೊಟ್ಟಿ ತೂಗಿದೆ. ನೂರಾ ಎಪ್ಪತ್ತೈದು.

“ಒಂದು ಗ್ರಾಂ ತಪ್ಪಿತು ನೋಡು,” ಅಂದೆ.

“ರೊಟ್ಟಿಗಿ ಎಳ್ಳು ಹಚ್ಚೀನಿ. ಎಳ್ಳು ತಗದು ತೂಗ್ರಿ.”

ತೂಗಲಿಲ್ಲ. ತೂಗಿದರೆ ಏನಾಗುತ್ತದೆಂದು ನನಗೆ ಅನುಮಾನವಿತ್ತು.

ಬುಟ್ಟಿ ತಯಾರಾಯಿತು. ಬೇಸಿಗೆ ಮುಗಿದು ಖಾಲಿ ನಿಂತಿದ್ದ ಕೂಲರ್ ಸ್ಟ್ಯಾಂಡಿನ ಮೇಲೆ ಹಳೆಯ ಬುಟ್ಟಿ ಕಟ್ಟಿದೆ. ಸುತ್ತ ತೂಗುಬಿಡಲು ಸೈಕಲ್ ಚೈನುಗಳನ್ನು ಕೊಟ್ಟವರು ಕುಬ್ರಾಬೇಗಂ ಅವರ ಗಂಡ ಸುಲ್ತಾನಸಾಬ, ಕಾಲುವೆ ಜೀಪು ಓಡಿಸಿ ನಿವೃತ್ತರಾದವರು. ಚೈನು ಕೊಡುವಾಗ ಒಂದೇ ಮಾತು ಕೇಳಿದರು: “ಈಶಪ್ಪಣ್ಣ, ಯಾವ ಕಡಿ ಒಗೀತೀರಿ? ನಮ್ಮ ಕಡಿ ಅಲ್ಲಲ್ಲ?”

“ನಿಮ್ಮ ಕಡಿ ಬರೂ ಪ್ರಶ್ನೆನೇ ಇಲ್ಲ ಸಾಬ್ರ,” ಎಂದು ನಾಲ್ಕನೆಯ ಅಂಕಿ ತೋರಿಸಿದೆ.

ಹತ್ತು ಮೀಟರ್ ಅಳೆದು ಸುಣ್ಣದ ಗೆರೆ ಹಾಕಿದೆ. ಡಿಸ್ಕಿನ ಏಕರೂಪತೆಯನ್ನು ಪರೀಕ್ಷಿಸಲು ಐವತ್ತು ಎಸೆತ, ಪ್ರತಿಯೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಮೊದಲ ನಲವತ್ತರಲ್ಲಿ ಬುಟ್ಟಿಗೆ ಬಿದ್ದವು ಎರಡು. ಅದರಲ್ಲಿ ಒಂದು ನೆಲಕ್ಕೆ ಬಡಿದು, ಗೋಡೆಗೆ ತಾಗಿ, ತನಗೆ ತಾನೇ ಮನಸ್ಸು ಮಾಡಿ ಬಿದ್ದದ್ದು. ಉಳಿದವು ನಾಲ್ಕು ದಿಕ್ಕಿಗೂ ಹಂಚಿಹೋದವು.

“ಈ ಡಿಸ್ಕಿಗಿ ಏಕರೂಪತೆ ಇಲ್ಲ,” ಎಂದು ತೀರ್ಪು ಕೊಟ್ಟೆ.

ಅಡುಗೆಮನೆಯ ಕಿಟಕಿಯಿಂದ ಮಾತು ಬಂತು: “ಅದು ಬೆಳಗಿನಿಂದ ಒಂದೇ ತರ ಅದ ರಿ. ನಿಮ್ಮ ಕೈ ಹೊತ್ತಿಗೊಂದು ತರ ಆಗಾಕತ್ತದ.”

ಇಲ್ಲಿ ಒಂದು ತಾಟಿನ ಕತೆ ಹೇಳಬೇಕು. ಅಂಚಿಗೆ ನೀಲಿ ಹೂವಿದ್ದ ಪಿಂಗಾಣಿ ತಾಟು. ಕುಬ್ರಾಬೇಗಂ ಮದುವೆಯಾಗಿ ಬರುವಾಗ ಸುರಪುರದ ತವರಿನಿಂದ ತಂದದ್ದು. ಹದಿನಾಲ್ಕು ವರ್ಷದ ಹಿಂದೆ ನಾವು ಈ ಕ್ವಾರ್ಟರ್ಸಿಗೆ ಬಂದಿಳಿದ ದಿನ, ಒಲೆ ಹೂಡುವ ಮೊದಲೇ, ಆ ತಾಟಿನಲ್ಲಿ ಬಿಸಿ ಅನ್ನ ಬಂದಿತ್ತು. ತಾಟನ್ನು ಖಾಲಿ ಮರಳಿಸಬಾರದೆಂದು ದೇವಕಮ್ಮ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ ಹಾಕಿ ಕಳಿಸಿದಳು. ಅವರೂ ಖಾಲಿ ಕಳಿಸುವವರಲ್ಲ. ಅಂದಿನಿಂದ ಅದು ನಡುವಿನ ಮೋಟುಗೋಡೆ ದಾಟುತ್ತಲೇ ಇತ್ತು. ಮನೆಯಲ್ಲಿ ಏನೂ ಇಲ್ಲದ ದಿನ ನಾಲ್ಕು ಹಸಿಮೆಣಸಿನಕಾಯಿಯನ್ನಾದರೂ ಹೊತ್ತು ದಾಟಿತು. ಹದಿನಾಲ್ಕು ವರ್ಷದಲ್ಲಿ ಒಂದು ಸಲವೂ ಅದು ಖಾಲಿ ಹೋಗಲಿಲ್ಲ, ಖಾಲಿ ಬರಲಿಲ್ಲ.

ನಾನು ನಲವತ್ತೊಂದನೆಯ ಎಸೆತಕ್ಕೆ ಕೈ ಎತ್ತಿದ ಹೊತ್ತಿಗೆ ದೇವಕಮ್ಮ ಹುಳಿಸೊಪ್ಪಿನ ಪುಂಡಿಪಲ್ಯ ತುಂಬಿದ ಆ ತಾಟನ್ನು ಗೋಡೆಯ ಮೇಲಿಟ್ಟು, “ಆಪಾ,” ಎಂದು ಅಕ್ಕನನ್ನು ಕರೆದಂತೆ ಕುಬ್ರಾಬೇಗಂ ಅವರನ್ನು ಕೂಗಿ ಒಳಗೆ ಹೋಗಿದ್ದಳು. ಡಿಸ್ಕು ನೇರವಾಗಿ ಹೊರಟಿತು. ಅಷ್ಟು ಚೆಂದವಾಗಿ ಅದು ಅಂದು ಒಮ್ಮೆಯೂ ಹೊರಟಿರಲಿಲ್ಲ. ಬುಟ್ಟಿಯ ಹತ್ತಿರ ಹೋಗಿ, ಏನೋ ನೆನಪಾದಂತೆ, ಎಡಕ್ಕೆ ಬಾಗಿತು.

ಪುಂಡಿಪಲ್ಯ ಆಚೆ ಒಣಹಾಕಿದ್ದ ಸುಲ್ತಾನಸಾಬರ ಶುಕ್ರವಾರದ ನಮಾಜಿನ ಬಿಳಿ ಅಂಗಿಯ ಮೇಲೆ ಹೋಯಿತು. ತಾಟು ಆಚೆಯ ಹಾಸುಗಲ್ಲಿನ ಮೇಲೆ ಬಿತ್ತು.

ಕುಬ್ರಾಬೇಗಂ ಹೊರಗೆ ಬಂದರು. ಕುಕ್ಕರಗಾಲಲ್ಲಿ ಕೂತು ಚೂರುಗಳನ್ನು ಒಂದೊಂದಾಗಿ ಸೆರಗಿಗೆ ಹಾಕಿಕೊಳ್ಳತೊಡಗಿದರು. ಏಳು ಚೂರು, ನಾನು ಎಣಿಸಿದೆ. ಆಮೇಲೆ ನಾನು ಮಾಡಿದ್ದನ್ನು ಬರೆಯಲು ಈಗಲೂ ಪೆನ್ನು ಹಿಂಜರಿಯುತ್ತದೆ. ಟೇಪು ತಂದೆ. ಗೋಡೆ ದಾಟಿ, ಅವರ ಸುತ್ತ ಸುತ್ತಿ, ಬುಟ್ಟಿಯಿಂದ ಡಿಸ್ಕು ಎಷ್ಟು ತಪ್ಪಿದೆಯೆಂದು ಅಳೆದೆ. ನಾಲ್ಕು ಮೀಟರ್ ಹತ್ತು ಸೆಂಟಿಮೀಟರ್, ಎಡಕ್ಕೆ.

“ಆಪಾ, ಇದು ಗಾಳಿ ತಪ್ಪು,” ಎಂದು ವಿವರಿಸಿದೆ. “ಒಂದು ಅಂಕಿಗಿ ಇಷ್ಟು ಬಾಗಬಾರದು.”

“ಹಂಗಾ ಅಣ್ಣಾರ,” ಎಂದರು ತಲೆ ಎತ್ತದೆ. “ಬರಕೋರಿ.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಆ ಬಾಗಿಲಿಗೆ ಚಿಲಕವಿದೆಯೆಂದು ನನಗೆ ಗೊತ್ತಾದದ್ದೇ ಅಂದು.

ಆ ಸಂಜೆ ದೇವಕಮ್ಮ ಜಗಳ ಮಾಡಲಿಲ್ಲ. ಅದು ಇನ್ನೂ ಕಷ್ಟ. “ಒಡದದ್ದಕ್ಕ ಅಲ್ಲರಿ,” ಎಂದಳು. “ಆಪಾ ಚೂರು ಆರಿಸಾಕತ್ತಿದ್ರು. ನೀವು ಟೇಪು ಹಿಡಕೊಂಡು ಅವರ ಸುತ್ತ ತಿರಗಾಕತ್ತಿದ್ರಿ.”

“ಅಳತಿ ಆಗಲೇ ತಗೋಬೇಕಾಗ್ತದ, ಆಮ್ಯಾಲ...”

“ಆ ಡಿಸ್ಕು ಇನ್ನೊಮ್ಮೆ ನನ್ನ ಕಣ್ಣಿಗಿ ಬಿತ್ತಂದ್ರ ಒಲಿಗಿ ಹೋಗ್ತದ.”

ಹದಿನೆಂಟು ದಿನ ಗೋಡೆಯ ಮೇಲೆ ಏನೂ ದಾಟಲಿಲ್ಲ. ದೇವಕಮ್ಮ ಪಲ್ಯ ಮಾಡಿದಾಗ ರೂಢಿಯಿಂದ ಒಂದು ಪಾಲು ಹೆಚ್ಚೇ ಮಾಡುತ್ತಿದ್ದಳು. ಆ ಪಾಲು ನನ್ನ ತಾಟಿಗೆ ಬೀಳುತ್ತಿತ್ತು. ಉಣ್ಣಲು ಕಷ್ಟವಾಗುತ್ತಿತ್ತು.

“ಸ್ಟೀಲಿನ ತಾಟಿನಾಗ ಹಾಕಿ ಕಳಸು,” ಅಂದೆ ಒಮ್ಮೆ.

“ಸ್ಟೀಲಿನ ತಾಟು ಮನಿಮನಿಗಿ ಅದಾವ. ಯಾವ ಮಾರಿ ಹೊತ್ತು ಹೋಗ್ಲಿ?”

ನೀಲಿ ಹೂವಿನ ತಾಟಿಗಾಗಿ ಶಹಾಪುರ ಹುಡುಕಿದೆ, ಸುರಪುರ ಹುಡುಕಿದೆ, ಒಂದು ದಿನ ರಜೆ ಹಾಕಿ ಯಾದಗಿರಿಗೂ ಹೋದೆ. ಕೆಂಪು ಹೂವಿತ್ತು. ಹಸಿರು ಬಳ್ಳಿಯಿತ್ತು. ಒಂದರ ಮೇಲೆ ನವಿಲೂ ಇತ್ತು. ನೀಲಿ ಹೂವಿರಲಿಲ್ಲ.

ಇನ್ನು ಡಿಸ್ಕಿನ ವಿಷಯ. ಅದನ್ನು ಬಿಸಾಡಲು ಮನಸ್ಸು ಬರಲಿಲ್ಲ. ಒಲೆಗೆ ಹೋಗಲು ಬಿಡುವಂತೆಯೂ ಇರಲಿಲ್ಲ. ಶ್ರಾವಣ ಬಂದಿತ್ತು. ದೇವಕಮ್ಮ ದಿನವೂ ರೊಟ್ಟಿ ಬಡಿದು, ಒಣಗಿಸಿ, ದೊಡ್ಡ ಬುಟ್ಟಿಯಲ್ಲಿ ಪೇರಿಸಿ ಬಿಳಿ ಬಟ್ಟೆ ಮುಚ್ಚುತ್ತಿದ್ದಳು. ನೋಡಿದೆ: ಅದೇ ಬಣ್ಣ, ಅದೇ ದುಂಡು. ಒಂದು ರೊಟ್ಟಿಯ ಅಡ್ಡಳತೆ ತೆಗೆದೆ. ಇಪ್ಪತ್ತೊಂದು ಸೆಂಟಿಮೀಟರ್. ಇನ್ನೂ ಹತ್ತು ಅಳೆದೆ. ಹನ್ನೊಂದರಲ್ಲಿ ಒಂದೂ ಎರಡು ಮಿಲಿಮೀಟರಿಗಿಂತ ಹೆಚ್ಚು ತಪ್ಪಿರಲಿಲ್ಲ. ಏಕರೂಪತೆ ಎಂಬ ಪದವನ್ನು ನಾನು ಬೇರೆ ಎಲ್ಲೋ ಹುಡುಕುತ್ತಿದ್ದೆನೆಂದು ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಡಿಸ್ಕನ್ನು ಬುಟ್ಟಿಯ ತೀರ ತಳದಲ್ಲಿ ಅಂಗಾತ ಇಟ್ಟು, ಮೇಲೆ ರೊಟ್ಟಿ ಪೇರಿಸಿದೆ.

ಲೆಕ್ಕ ಪಕ್ಕಾ ಇತ್ತು. ಬುಟ್ಟಿಯಲ್ಲಿ ಎಂಬತ್ತು ರೊಟ್ಟಿ. ನಮ್ಮ ಮನೆಯ ಖರ್ಚು ದಿನಕ್ಕೆ ಹತ್ತು. ತಳ ಕಾಣಲು ಎಂಟು ದಿನ. ಅಷ್ಟರಲ್ಲಿ ಬೇರೆ ಜಾಗ ಹುಡುಕಿದರಾಯಿತು. ಕಾಲುವೆಗೆ ನೀರು ಬಿಡುವ ಗಡಿಬಿಡಿಯಲ್ಲಿ ನಾನು ಒಂದೇ ಒಂದನ್ನು ಮರೆತಿದ್ದೆ. ಪಂಚಮಿಗೆ ಮೊದಲು ರೊಟ್ಟಿ ಹಬ್ಬ. ಅಂದು ಒಂದು ಮನೆಯ ರೊಟ್ಟಿ ಇನ್ನೊಂದು ಮನೆಗೆ ಹೋಗುತ್ತದೆ. ಎಂಬತ್ತು ರೊಟ್ಟಿ ಬಡಿದದ್ದು ನನಗಾಗಿ ಅಲ್ಲ. ನನ್ನ ಸಮೀಕರಣದಲ್ಲಿ ನೆರೆಹೊರೆಯೇ ಇರಲಿಲ್ಲ.

ಮೂರನೆಯ ದಿನ ಮಧ್ಯಾಹ್ನ ಕಾಲುವೆಯಿಂದ ಬಂದೆ. ಬುಟ್ಟಿ ಬೋರಲು ಬಿದ್ದಿತ್ತು.

“ರೊಟ್ಟಿ ಎಲ್ಲಿ?”

“ಹಂಚಿದೆ. ಹಬ್ಬ ಅಲ್ಲೇನು? ಪಾರ್ವತಿಬಾಯಿ ಮನಿಗಿ, ನೀಲಕಂಠ ಮಾಸ್ತರ ಮನಿಗಿ, ಆ ಸಾಲಿನವರಿಗಿ ಎಲ್ಲಾ.”

“ತಳದ್ದು?”

“ಯಾವ ತಳದ್ದು?”

“ಅಂದ್ರ... ಕಡೀಕ ಯಾರಿಗಿ ಕೊಟ್ಟಿ?”

“ಆಪಾಗ,” ಎಂದಳು ದೇವಕಮ್ಮ, ಪಲ್ಯದ ಗಡಿಗೆ ತೊಳೆಯುತ್ತ. “ವರ್ಷದ ಹಬ್ಬ. ಎಷ್ಟಂತ ಮಾರಿ ಮುಚ್ಚಿಕೊಂಡು ಕೂಡಲಿ? ಬಟ್ಟಿ ಕಟ್ಟಿ, ಗ್ವಾಡಿ ಮ್ಯಾಲ ಇಟ್ಟು ಬಂದೆ.”

ಹದಿನೆಂಟು ದಿನದ ಮೇಲೆ ಇವಳು ಕೈ ಚಾಚಿದ್ದಾಳೆ. ಆ ಕೈಯಲ್ಲಿ ಹೋದದ್ದು ಅವರ ತವರಿನ ತಾಟು ಒಡೆದ ಅದೇ ಡಿಸ್ಕು, ರೊಟ್ಟಿಯ ವೇಷದಲ್ಲಿ. ಇದಕ್ಕಿಂತ ದೊಡ್ಡ ಅಣಕ ಯಾರಾದರೂ ಕೂತು ಯೋಚಿಸಿದರೂ ಹೊಳೆಯದು. ಈ ಗೋಡೆ ಇನ್ನು ಮುಂದೆ ಬರೀ ಗೋಡೆ ಎಂದುಕೊಂಡೆ. ಚಪ್ಪಲಿ ಮೆಟ್ಟದೆ ಓಡಿದೆ.

ಬಾಗಿಲು ತೆರೆದೇ ಇತ್ತು. ಒಳಗೆ ಎಣ್ಣೆಯ ಘಮ. ಸುಲ್ತಾನಸಾಬರು ಮಂಚದ ಮೇಲೆ ಕೂತು ನಮ್ಮ ರೊಟ್ಟಿ ಮುರಿಯುತ್ತಿದ್ದರು. ಅಂಗಿಯ ಮೇಲೆ ಪುಂಡಿಪಲ್ಯದ ತಿಳಿ ಹಸಿರು ಕಲೆ ಇನ್ನೂ ಇತ್ತು.

“ಆಪಾ,” ಅಂದೆ. ಉಸಿರು ಸಿಗಲಿಲ್ಲ. “ಅವತ್ತು ತಪ್ಪು ಗಾಳೀದಲ್ಲ. ಡಿಸ್ಕಿಂದೂ ಅಲ್ಲ. ನಂದು. ಟೇಪು ತಂದಿದ್ದು ಅದಕ್ಕಿಂತ ದೊಡ್ಡ ತಪ್ಪು. ಇವತ್ತಿಂದು ಆಕಿಗಿ ಗೊತ್ತಿಲ್ಲ, ಆಕಿ ಮ್ಯಾಲ ಸಿಟ್ಟು ಮಾಡಬ್ಯಾಡ್ರಿ.”

“ಎದರ ಸಿಟ್ಟು ಅಣ್ಣಾರ? ಬರ್ರಿ, ಕೂಡ್ರಿ,” ಎಂದು ಅಡುಗೆಮನೆಯಿಂದ ದನಿ ಬಂತು.

ಕುಬ್ರಾಬೇಗಂ ಒಳಗಿನಿಂದ ಬಂದರು. ಅವರ ಎರಡೂ ಕೈಯಲ್ಲಿ ನನ್ನ ಡಿಸ್ಕು. ಅಂಗಾತ, ತೊಳೆದು ಒರೆಸಿದ್ದು. ಅದರ ತುಂಬ ಬೆಲ್ಲದ ಗುಲಗುಲೆ, ಆಗಷ್ಟೇ ಕರಿದದ್ದು.

“ಹೊಸ ತಾಟು ಛಲೋ ಅದ,” ಎಂದರು. “ರೊಟ್ಟಿ ಮುರೀಲಾರದಂಗ ಬಂದಾವ. ಇವ್ರು ಎರಡು ಸಲ ಕೆಡವಿ ನೋಡಿದ್ರು, ಒಡೀಲಿಲ್ಲ.”

“ಮೂರು ಸಲ,” ಎಂದರು ಸುಲ್ತಾನಸಾಬರು, ನಗು ತಡೆದು.

“ದೇವಕಮ್ಮ ಎಲ್ಲಿ ಹುಡುಕಿದಳೋ, ಏನೋ. ಅಲ್ಲ ಅಣ್ಣಾರ, ಇದರ ಬುಡದಾಗ ನಾಕು ಅಂಕಿ ಅದಾವಲ್ಲ, ಏನ್ರಿ ಅವು?”

ನನ್ನ ಬಾಯಿ ತಾನಾಗಿಯೇ ತೆರೆಯಿತು. ವೇಗ, ತೇಲು, ಹೊರಳು, ಬಾಗು, ನಾಲ್ಕೂ ನಾಲಿಗೆಯ ತುದಿಗೆ ಬಂದವು.

“ಗೊತ್ತಿಲ್ಲ ಆಪಾ,” ಅಂದೆ.

ಗುಲಗುಲೆ ಹೊತ್ತು ಮನೆಗೆ ಬಂದೆ. ಒಂದೂ ಉದುರದಂತೆ, ಎರಡು ಕೈಯಲ್ಲಿ ಹಿಡಿದು, ಗೋಡೆ ಸುತ್ತಿ. ದೇವಕಮ್ಮ ನನ್ನ ಕೈಯಿಂದ ಇಸಿದುಕೊಂಡಳು. ಅವಳ ಮುಖದಲ್ಲಿ ಆಶ್ಚರ್ಯದ ಸುಳಿವೂ ಇರಲಿಲ್ಲ. ಅದನ್ನು ಕಂಡು ನನಗೇ ಆಶ್ಚರ್ಯವಾಯಿತು.

“ನಿನಗ ಗೊತ್ತಿತ್ತು?”

“ಹತ್ತು ರೊಟ್ಟಿ ಕಟ್ಟಾಕ ಎತ್ತಿದೆ. ಹದಿನೈದರ ಭಾರ ಬಂತು,” ಎಂದಳು. “ದಿನಾ ರೊಟ್ಟಿ ಬಡಿಯೂ ಕೈಗಿ ಐದು ರೊಟ್ಟಿ ತೂಕ ಹೆಚ್ಚಾದ್ರ ತಿಳಿಯೂದಿಲ್ಲೇನ್ರಿ? ಬಗ್ಗಿ ನೋಡಿದೆ. ತಾಟಿನಂಗೇ ಇತ್ತು. ಒಡದವರು ನೀವು, ತುಂಬಿಕೊಡೂದು ನಿಮ್ಮದೇ ಇರಲಿ ಅಂತ ಹಂಗೇ ಕಟ್ಟಿದೆ.”

ನಾನು ಒಂದು ಗುಲಗುಲೆ ಬಾಯಿಗೆ ಹಾಕಿಕೊಂಡೆ.

ಈಗ ಆರು ತಿಂಗಳಾದವು. ಕೂಲರ್ ಸ್ಟ್ಯಾಂಡಿನ ಚೈನುಗಳಿಗೆ ಹೀರೆಬಳ್ಳಿ ಹಬ್ಬಿದೆ. ನೋಟ್‌ಬುಕ್ ಮುಂದುವರಿದಿದೆ: ಗೋಡೆ ದಾಟಿ ಆಚೆ ಹೋದ ಸಲ, ನೂರಾ ಹದಿನಾಲ್ಕು. ಗುರಿ ತಪ್ಪಿದ್ದು, ಸೊನ್ನೆ. ಎಡಕ್ಕೆ ಬಾಗಿದ್ದು, ನೂರಾ ಹದಿನಾಲ್ಕು, ಪ್ರತಿ ಸಲವೂ ಬೇಕಾದಷ್ಟೇ. ಇಷ್ಟು ಏಕರೂಪದ ಪಟರ್ ನಾನು ಮೊಬೈಲಿನಲ್ಲೂ ನೋಡಿಲ್ಲ.

ಮೊನ್ನೆ ಭಾನುವಾರ ಗಾಳಿ ನಿಂತಿತ್ತು. ಭುಜ ಸುಮ್ಮನಿರಲಿಲ್ಲ. “ಒಂದೇ ಒಂದು ಸಲ ಒಗೀತೀನಿ, ಕಾಲುವಿ ಕಡಿ ಹೋಗಿ,” ಎಂದು ಬೇಡಿಕೊಂಡೆ.

ಡಿಸ್ಕಿನಲ್ಲಿ ಆಪಾ ಕಳಿಸಿದ ಉಪ್ಪಿನಕಾಯಿ ಇತ್ತು. ದೇವಕಮ್ಮ ಅದನ್ನು ಡಬ್ಬಿಗೆ ಸುರಿದು, ಒರೆಸಿ, ಆ ಕೈಯಲ್ಲೇ ಬಿಸಿ ಉಪ್ಪಿಟ್ಟು ತುಂಬಿ ಗೋಡೆಯ ಕಡೆ ನಡೆದಳು.

“ನಾ ಎಲ್ಲಿ ಬ್ಯಾಡಂದೀನ್ರಿ?” ಎಂದಳು. “ಖಾಲಿ ಆದ ದಿನ ತಗೊಳ್ರಿ.”