ಕಂಬಳಿ ಹೊದ್ದ ಕ್ಯಾಮೆರಾ

ಕಷ್ಟಪಡುತ್ತಿರುವ ಹಾಗೆ ಕಾಣದಿದ್ದರೆ ನಮ್ಮ ಜನ ಯಾವ ಕಸುಬುದಾರನನ್ನೂ ನಂಬುವುದಿಲ್ಲ. ವೈದ್ಯನಾದವನು ನಾಡಿ ಹಿಡಿದು ಹುಬ್ಬು ಗಂಟಿಕ್ಕಬೇಕು, ಜೋಯಿಸನಾದವನು ಬೆರಳು ಮಡಚಿ ಮಡಚಿ ಎಣಿಸಬೇಕು, ಪಟ ತೆಗೆಯುವವನು ಕರಿಬಟ್ಟೆಯೊಳಗೆ ಮುಖ ಹುದುಗಿಸಿ ಬೆವರಬೇಕು. ಇದು ನನಗೆ ಹೊಳೆಯುವ ಹೊತ್ತಿಗೆ ನಾನು ಚಳ್ಳಕೆರೆಯಲ್ಲಿ ಬಾಡಿಗೆಗೆ ಒಂದು ಕೋಣೆ ಹಿಡಿದು ಪಟದವನೆಂದು ಹೆಸರು ಹೇಳಿಕೊಂಡಾಗಿತ್ತು. ನನ್ನ ಕ್ಯಾಮೆರಾ ಎಲೆಅಡಿಕೆ ಪೆಟ್ಟಿಗೆಗಿಂತ ನಾಲ್ಕು ಬೆರಳು ದೊಡ್ಡದಿದ್ದರೆ ಹೆಚ್ಚು. ತನ್ನ ದೇಶಕ್ಕೆ ಹೊರಟಿದ್ದ ಒಬ್ಬ ಇಂಗ್ಲಿಷ್ ದೊರೆ ಬಳ್ಳಾರಿಯಲ್ಲಿ ಮನೆ ಸಾಮಾನು ಮಾರುವಾಗ ಕೊಂಡದ್ದು. ಹೊಟ್ಟೆಗೆ ಒತ್ತಿ ಹಿಡಿದು, ಮೇಲಿನ ಪುಟ್ಟ ಗಾಜಿನಲ್ಲಿ ಬಗ್ಗಿ ನೋಡಿ, ಪಕ್ಕದ ಕೀಲಿ ಒತ್ತಿದರೆ ಪಟ ಮುಗಿಯಿತು. ಮೂರು ಕಾಲಿನ ಸ್ಟ್ಯಾಂಡು ಬೇಡ, ಕರಿಬಟ್ಟೆ ಬೇಡ, ವಿದ್ಯೆಯೂ ಬೇಡ. ನೇಕಾರರ ಮನೆಯಲ್ಲಿ ಹುಟ್ಟಿ, ನೆಯ್ಗೆ ಬಾರದೆ ಮಗ್ಗವೇ ಡೊಂಕು ಎನ್ನುತ್ತಿದ್ದ ನನ್ನಂಥವನಿಗೆ ದೇವರೇ ಹುಡುಕಿ ಕಳಿಸಿದ ಕಸುಬು ಎಂದುಕೊಂಡಿದ್ದೆ.

ಮೊದಲ ಸಲ ದೇವಸಮುದ್ರದ ಒಬ್ಬ ಕುರಿ ಸಾಹುಕಾರರ ಮನೆಗೆ ಹೋದೆ. ಹನ್ನೊಂದು ಜನ ಅಂಗಳದ ಬಿಸಿಲಿನಲ್ಲಿ ಸಾಲಾಗಿ ನಿಂತರು. ಹಿಂದೊಮ್ಮೆ ದೊಡ್ಡ ಕ್ಯಾಮೆರಾದವನು ಬಂದು, ತಾನು ಬಟ್ಟೆಯಿಂದ ಹೊರಗೆ ಬರುವವರೆಗೆ ಅಲ್ಲಾಡಿದರೆ ಮುಖ ಅಳಿಸಿಹೋಗುತ್ತದೆ ಎಂದು ಹೆದರಿಸಿ ಹೋಗಿದ್ದನಂತೆ. ನಾನು ಕೀಲಿ ಒತ್ತಿದೆ. ಟಿಕ್ಕೆಂದಿತು. ಪೆಟ್ಟಿಗೆಯನ್ನು ಚೀಲಕ್ಕೆ ಸೇರಿಸಿ, ಕೈಕಾಲು ತೊಳೆದು, ಮಜ್ಜಿಗೆ ಕೊಡುತ್ತಾರೆಂದು ಜಗಲಿಯ ಮೇಲೆ ಕೂತೆ. ಎಷ್ಟು ಹೊತ್ತಾದರೂ ಮಜ್ಜಿಗೆಯ ಸುಳಿವಿಲ್ಲ. ತಿರುಗಿ ನೋಡಿದರೆ ಹನ್ನೊಂದು ಜನವೂ ಹಾಗೆಯೇ ನಿಂತಿದ್ದಾರೆ, ಸಾಹುಕಾರರ ಮೂಗಿನ ಮೇಲೆ ನೊಣ ಕೂತಿದೆ. ಮುಗಿಯಿತು ಎಂದೆ. ಒಬ್ಬರೂ ನಂಬಲಿಲ್ಲ. ಶುರುವೇ ಮಾಡದೆ ಮುಗಿಯುವುದು ಹೇಗೆ ಎಂದು ಸಾಹುಕಾರರು ತುಟಿ ಅಲ್ಲಾಡಿಸದೆ ಕೇಳಿದರು. ಕಡೆಗೆ ಪೆಟ್ಟಿಗೆಯನ್ನು ಮತ್ತೆ ಹೊರತೆಗೆದು, ಅವರದೇ ಒಂದು ಕರಿಕಂಬಳಿ ಬೇಡಿ ತಲೆಯ ಮೇಲೆ ಎಳೆದುಕೊಂಡು, ಒಳಗೆ ಸುಮ್ಮನೆ ನೂರರವರೆಗೆ ಎಣಿಸಿ, ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದೆ. ಆಗ ಮಜ್ಜಿಗೆ ಬಂತು, ಹಿಂದೆಯೇ ಊಟವೂ ಬಂತು. ಅಂದಿನಿಂದ ಕಂಬಳಿ ನನ್ನ ಕಸುಬಿನ ಸಾಮಾನಾಯಿತು.

ಹೊರಗಿನವರಿಗೆ ಇದು ನಗುವ ವಿಷಯ. ಆದರೆ ಕಂಬಳಿಯೊಳಗೆ ನಿಂತವನಿಗೆ ಒಂದು ಮಾತು ತಿಳಿಯುತ್ತದೆ: ಇಡೀ ಮನೆಯೇ ನನ್ನ ಕಡೆ ನೋಡುತ್ತಿದೆ, ಒಬ್ಬರೂ ನನ್ನನ್ನು ನೋಡುತ್ತಿಲ್ಲ. ದಿನವೆಲ್ಲ ಹೀಗೆ ಊರವರ ಕಣ್ಣೆದುರು ಇದ್ದು, ಸಂಜೆ ಕೋಣೆಗೆ ಬಂದರೆ ಕೇಳುವವರು ಯಾರೂ ಇಲ್ಲ. ಅಪ್ಪ ಅವ್ವ ನಾನು ಚಿಕ್ಕವನಿದ್ದಾಗಲೇ ತೀರಿಕೊಂಡಿದ್ದರು. ಒಬ್ಬನಿಗಾಗಿ ಮುದ್ದೆ ತೊಳಸಿದವರಿಗೆ ಗೊತ್ತು, ಒಂದೇ ಮುದ್ದೆಯ ಹಿಟ್ಟು ಎಷ್ಟು ತೊಳಸಿದರೂ ಹದಕ್ಕೆ ಬರುವುದಿಲ್ಲ. ಹಾಗಾಗಿ ನಾನು ಯಾವಾಗಲೂ ಎರಡು ಮಾಡುತ್ತಿದ್ದೆ. ಎರಡನೆಯದು ತಟ್ಟೆಯ ಆಚೆ ಬದಿಯಲ್ಲಿ ಕೂತು ಆರುತ್ತಿತ್ತು. ಒಂಟಿತನ ಎಂದು ದೊಡ್ಡ ಮಾತಾಡಲು ನಾಚಿಕೆಯಾಗುತ್ತದೆ, ಆದರೆ ಅದು ಒಂಟಿತನವೇ.

ಇದನ್ನು ಕಂಡವನು ಬಳೆಗಾರ ಓಬಯ್ಯ. ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಅವನು ಬಳೆ ತೊಡಿಸದ ಕೈಯಿಲ್ಲ, ಮಾತು ತರದ ಮನೆಯಿಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವವರ ಮನೆಯ ಗೌರಮ್ಮ ಎಂಬ ಹುಡುಗಿಯನ್ನು ನನಗೆ ಕೇಳಿಬಂದ. ನಮ್ಮವರೇ. ಮನೆಯ ಯಜಮಾನಿಕೆ ಅಜ್ಜಿಯದು. ಗಾಡಿಯಲ್ಲಿ ಎರಡು ದಿನದ ದಾರಿ ಬಂದು ಗಂಡು ನೋಡುವ ಶಕ್ತಿ ಆ ಅಜ್ಜಿಗಿಲ್ಲ. ಹೆಣ್ಣಿನ ಕಡೆಯವರು ಕರೆಯದೆ ಗಂಡು ಹೋಗಿ ನಿಂತರೆ ಮಾನ ಉಳಿಯುವುದಿಲ್ಲ. ಊರವರ ಪಟವನ್ನೆಲ್ಲ ತೆಗೆಯುವವನು ತನ್ನದೊಂದು ಕಳಿಸಲಿ, ನೋಡಿ ಹೇಳುತ್ತೇನೆ ಎಂದು ಅಜ್ಜಿ ಅಪ್ಪಣೆ ಮಾಡಿದ್ದರು.

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಪಟದವನಿಗೆ ಮುಖವೂ ಕಾಣದು. ಅಷ್ಟು ವರ್ಷದಲ್ಲಿ ನನ್ನದೆಂಬ ಒಂದು ಪಟವೂ ಇರಲಿಲ್ಲ, ಏಕೆಂದರೆ ಕೀಲಿ ಒತ್ತುವ ಕೈ ಯಾವಾಗಲೂ ನನ್ನದೇ ಆಗಿತ್ತು. ಪಕ್ಕದ ಗಾಣದ ಪಾಲಯ್ಯನನ್ನು ಗೋಗರೆದೆ. ಎಣ್ಣೆಯ ಕೈ ಒರೆಸಿಕೊಂಡು ಬಂದ ಅವನು, ಕಡಲೆಕಾಯಿ ಹಿಂಡುವಷ್ಟೇ ಭಕ್ತಿಯಿಂದ ಆರು ಸಲ ಕೀಲಿ ಒತ್ತಿದ. ಪೆಟ್ಟಿಗೆಯೊಳಗಿನ ಫಿಲ್ಮಿನ ಸುರುಳಿಯನ್ನು ತೊಳೆಯಲು ಟಪಾಲಿನಲ್ಲಿ ಬೆಂಗಳೂರಿಗೆ ಕಳಿಸಿದೆ. ತೊಳೆದ ಪಟಗಳು ಬರುವವರೆಗೆ ಒಂದು ತಿಂಗಳು, ನಾನು ನನ್ನ ಎರಡನೆಯ ಮುದ್ದೆಗೆ ಗೌರಮ್ಮ ಎಂದೇ ಹೆಸರಿಟ್ಟುಕೊಂಡು ಉಂಡೆ.

ಆರರಲ್ಲಿ ಒಂದು ಬರೀ ಆಕಾಶ, ಒಂದು ಪಾಲಯ್ಯನ ಹೆಬ್ಬೆರಳು, ಎರಡರಲ್ಲಿ ನನಗೆ ತಲೆಯಿಲ್ಲ, ಒಂದರಲ್ಲಿ ನಾನೇ ಇಲ್ಲ. ಉಳಿದ ಒಂದೇ ಒಂದರಲ್ಲಿ ಕಾಲಿನಿಂದ ತಲೆಯವರೆಗೆ ಪೂರ್ತಿ ಇದ್ದೆ. ಆದರೆ ಕತ್ತು ಬಗ್ಗಿಸಿ, ಕೈಗಳನ್ನು ಹೊಟ್ಟೆಯ ಹತ್ತಿರ ಜೋಡಿಸಿಕೊಂಡು, ನೆಲ ನೋಡುತ್ತಾ ನಿಂತಿದ್ದೆ. ವರ್ಷಗಟ್ಟಲೆ ಬಗ್ಗಿ ನೋಡಿದ ಕತ್ತು, ಪಟ ಎಂದ ಕೂಡಲೇ ತಾನಾಗಿ ಬಗ್ಗಿದೆ. ಕೈಯಲ್ಲಿ ಪೆಟ್ಟಿಗೆ ಮಾತ್ರ ಇಲ್ಲ. ವಿನಯವಂತನಂತೆ ಕಾಣುತ್ತೇನೆ, ದೊಡ್ಡವರಿಗೆ ಹಿಡಿಸುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಅದನ್ನೇ ಓಬಯ್ಯನ ಕೈಗೆ ಕೊಟ್ಟೆ.

ಹದಿನೈದು ದಿನ ಬಿಟ್ಟು ಬಂದ ಓಬಯ್ಯ ಬಳೆಯ ಮಲಾರ ಇಳಿಸಿ, ನೀರು ಕುಡಿದು, ಮಳೆಯ ವಿಷಯ ಮಾತಾಡಿದ. ಮಳೆಯ ವಿಷಯ ಮಾತಾಡುವವನಲ್ಲ ಅವನು. ನನಗೆ ಅರ್ಥವಾಯಿತು. ಆದರೂ ಕೇಳಿದೆ.

"ಅಜ್ಜಿ ಪಟಾನ ಬಿಸಿಲಿಗೆ ಹಿಡ್ದು ನೋಡ್ತು ಕಣಪ್ಪ. ಕತ್ತು ಎತ್ತದ ಗಂಡು, ಕಣ್ಣಾಗೆ ಏನೋ ಐಬು ಐತೆ, ಅದಕ್ಕೇ ಮುಚ್ಚಿಟ್ಕಂಡವ್ನೆ ಅಂತು," ಎಂದ.

ಕಣ್ಣು ನೆಟ್ಟಗಿದೆ ಎಂದು ಹೇಳಲಿಲ್ಲವೇ ಎಂದು ರೇಗಿದೆ. ಹೇಳಿದನಂತೆ. ಮದುವೆ ಮಾತು ತರುವವನು ಗಂಡಿನ ಕಣ್ಣನ್ನು ಕೆಟ್ಟದೆಂದು ಹೇಳಿದ್ದುಂಟೇ ಎಂದು ಅಜ್ಜಿ ನಕ್ಕರಂತೆ. ಇನ್ನೊಂದು ಸುರುಳಿ ತೆಗೆಸಿದೆ. ಈ ಸಲ ಕೋಲು ನುಂಗಿದವನ ಹಾಗೆ ಕತ್ತೆತ್ತಿ, ರೆಪ್ಪೆ ಹೊಡೆಯದೆ, ಎರಡು ಕಣ್ಣನ್ನೂ ಬಿಟ್ಟುಕೊಂಡು ನಿಂತೆ. ಆ ಪಟ ಬೆಂಗಳೂರಿನಿಂದ ಬರುವಷ್ಟರಲ್ಲಿ ಗೌರಮ್ಮನನ್ನು ರಾಯದುರ್ಗದ ಹುಡುಗನಿಗೆ ಗೊತ್ತುಮಾಡಿದ್ದರು.

ಸುದ್ದಿ ತಂದವನೂ ಓಬಯ್ಯನೇ. ಅದರ ಹಿಂದೆಯೇ ಇನ್ನೊಂದು ಮಾತು ತಂದಿದ್ದ. ಮದುವೆಯ ಪಟ ತೆಗೆಯಲು ಸುತ್ತಮುತ್ತ ನನ್ನನ್ನು ಬಿಟ್ಟರೆ ಯಾರೂ ಇಲ್ಲವಂತೆ, ಬರಬೇಕಂತೆ. ಮಾನವಿದ್ದವನು ಹೋಗುತ್ತಿರಲಿಲ್ಲ. ನಾನು ಹೋದೆ. ಕಸುಬಿಗೆ ಕರೆದರೆ ಒಲ್ಲೆ ಎನ್ನಬಾರದು ಎಂದು ಗಾಡಿಯಲ್ಲಿ ಎರಡು ದಿನವೂ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಆಕೆಯ ಮುಖವನ್ನು ಒಮ್ಮೆ ನೋಡಬೇಕಾಗಿತ್ತು.

ಚಪ್ಪರದ ಹೊರಗೆ ಬಿಸಿಲಿಗೆ ಎಲ್ಲರನ್ನೂ ನಿಲ್ಲಿಸಿ, ಹೆಗಲಿನ ಕಂಬಳಿ ಬಿಚ್ಚುತ್ತಿದ್ದೆ. ಅಜ್ಜಿ ಕೋಲೂರಿಕೊಂಡು ಹತ್ತಿರ ಬಂದು, ಗದ್ದ ಹಿಡಿದು ನನ್ನ ಮುಖವನ್ನು ಬೆಳಕಿಗೆ ತಿರುಗಿಸಿದರು. ಆ ಕಡೆಯವರಂತೆ ಮಾತಿಗೆ ತೆಲುಗು ಬೆರೆಸಿ, "ಕಣ್ಣು ಚೆಂದಾಗೇ ಅದಾವಲ್ಲೋ ಅಬ್ಬಾಯಿ. ಮತ್ತೆ ಆ ಪಟದಾಗೆ ಯಾಕೆ ನೆಲ ನೋಡ್ಕಂಡು ನಿಂತಿದ್ದೆ?" ಎಂದರು.

ರೂಢಿ ಎಂದೆ. ಅಜ್ಜಿ ಪಾಪ ಎನ್ನುವಂತೆ ತಲೆಯಾಡಿಸಿ ಹೋಗಿ ಸಾಲಿನಲ್ಲಿ ನಿಂತರು.

ಪೆಟ್ಟಿಗೆಯ ಮೂತಿಯನ್ನಷ್ಟೇ ಹೊರಗೆ ಬಿಟ್ಟು ನಾನು ಕಂಬಳಿಯೊಳಗೆ ಸೇರಿಕೊಂಡೆ. ಗೌರಮ್ಮ ತಲೆ ಬಗ್ಗಿಸಿಯೇ ನಿಂತಿದ್ದಳು. ಬೆಳಗಿನಿಂದಲೂ ಹಾಗೇ ಇದ್ದಳಂತೆ, ನೆರೆದವರೆಲ್ಲ ಎಂಥ ಗುಣವಂತೆ ಎಂದು ಹೊಗಳುತ್ತಿದ್ದರು. ಕತ್ತು ಎತ್ತದ ಹೆಣ್ಣು ಗುಣವಂತೆ, ಕತ್ತು ಎತ್ತದ ಗಂಡು ಐಬಿನವನು. ಮದುಮಗಳಿಗೆ ತಲೆ ಎತ್ತು ಎನ್ನುವ ಅಧಿಕಾರ ಆ ದಿನ ಹೆತ್ತವರಿಗೂ ಇಲ್ಲ, ಕಟ್ಟಿಕೊಂಡವನಿಗೂ ಇಲ್ಲ. ಪಟದವನಿಗೆ ಮಾತ್ರ ಇದೆ.

"ತಲೆ ಎತ್ತಮ್ಮಾ, ಪೆಟ್ಟಿಗೆ ಕಡೆ ನೋಡು," ಎಂದೆ.

ನೋಡಿದಳು. ಗಾಜಿನಲ್ಲಿ ಕಾಣುವ ಮುಖ ಕಡಲೆಬೀಜಕ್ಕಿಂತ ದೊಡ್ಡದಲ್ಲ, ಆದರೂ ಕಣ್ಣು ಕಂಡಿತು. ಕೀಲಿ ಒತ್ತಿದೆ. ವಾಲಗದ ಸದ್ದಿನಲ್ಲಿ ಟಿಕ್ಕೆಂದದ್ದು ಯಾರಿಗೂ ಕೇಳಿಸಲಿಲ್ಲ. ಪಟ ಮುಗಿದಿತ್ತು. ಇನ್ನೂ ಐತೆ, ಯಾರೂ ಅಲ್ಲಾಡಬ್ಯಾಡ್ರಿ ಎಂದು ಒಳಗಿನಿಂದ ಹೇಳಿ ನೂರು ಎಣಿಸಿದೆ. ಅದು ಮುಗಿದ ಮೇಲೆ ಇನ್ನೊಂದು ನೂರು ಎಣಿಸಿದೆ. ಆಕೆ ರೆಪ್ಪೆ ಅಲ್ಲಾಡಿಸದೆ ನೋಡುತ್ತಲೇ ಇದ್ದಳು.

ಕೊನೆಗೆ ಕಂಬಳಿ ಸರಿಸಿ ಹೊರಬಂದಾಗ, ಪೆಟ್ಟಿಗೆ ಸಣ್ಣದಾದರೂ ಭಾಳ ನಿಧಾನವಾಗಿ, ಚೊಕ್ಕವಾಗಿ ಕೆಲಸ ಮಾಡುತ್ತದೆ ಎಂದು ಅಜ್ಜಿ ಮೆಚ್ಚಿಕೊಂಡರು. ಹೌದಜ್ಜಿ ಎಂದೆ. ಪೆಟ್ಟಿಗೆ ಬಲು ಚುರುಕು, ನಿಧಾನವೆಲ್ಲ ನನ್ನದು ಎಂಬುದನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ.