ಲೋ ಗ್ರೇಡ್ ಕರುಳು

ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು ಇವನ್ನೆಲ್ಲ ಮದುವೆಯ ಪಂಕ್ತಿಯಲ್ಲಿ ಕುಳಿತೂ ಹೇಳಿಕೊಳ್ಳಬಹುದು. ಹಿಂಬಾಗಿಲಿನ ಕಾಯಿಲೆಗೆ ಆ ಯೋಗವಿಲ್ಲ. ನನಗೆ ರಕ್ತ ಕಾಣಿಸಿಕೊಂಡಾಗ ಬಹಳ ದಿನ ಬಾಯಿ ಬಿಡಲಿಲ್ಲ. ನಮ್ಮದು ಕಬ್ಬಿಣದ ಅದಿರಿನ ಸೀಮೆ. ಹೊಸಪೇಟೆಯಲ್ಲಿ ಒಣಹಾಕಿದ ಪಂಚೆ, ಬೇವಿನ ಎಲೆ, ಬೆಳಗಿನ ಉಗುಳು ಎಲ್ಲವೂ ಕೆಂಪು. ನಾನಂತೂ ಸಂಡೂರಿನ ಗಣಿಯೊಂದರ ಲ್ಯಾಬಿನಲ್ಲಿ ಅದಿರು ಪರೀಕ್ಷಿಸುವವನು. ನುಂಗಿದ ಧೂಳೇ ಹೊರಗೆ ಬರುತ್ತಿದೆ ಎಂದು ಸಮಾಧಾನ ಮಾಡಿಕೊಂಡಿದ್ದೆ.

ಕಬ್ಬಿಣ ಹೆಚ್ಚಿದ್ದರೆ ಹೈ ಗ್ರೇಡ್, ಲಾರಿ ಹತ್ತಿ ಬಂದರಿಗೆ ಹೋಗುತ್ತಿತ್ತು. ಕಡಿಮೆಯಿದ್ದರೆ ಲೋ ಗ್ರೇಡ್, ಗುಡ್ಡದ ಬದಿಗೆ ಬೀಳುತ್ತಿತ್ತು. ಈ ಚಟ ಮನೆಗೂ ಬಂತು. ಹೆಂಡತಿ ಶಾಂತಾಳ ಸಾರು ತೆಳ್ಳಗಿದ್ದರೆ "ಲೋ ಗ್ರೇಡ್" ಎನ್ನುತ್ತಿದ್ದೆ. ಅವಳ ತಮ್ಮನಿಗಂತೂ ಪರೀಕ್ಷೆಯಿಲ್ಲದೆಯೇ ಆ ಬಿರುದು ಕೊಟ್ಟಿದ್ದೆ.

ಒಂದು ದಿನ ಶಾಂತಾಳಿಗೆ ವಿಷಯ ಗೊತ್ತಾಯಿತು. "ಧೂಳಂತ, ಧೂಳು! ನಡೀರಿ ದವಾಖಾನಿಗೆ!" ಎಂದು ಎಳೆದೊಯ್ದಳು. ಕರುಳಿನೊಳಗೆ ಕ್ಯಾಮೆರಾ ಬಿಡಬೇಕೆಂದರು ಡಾಕ್ಟರು. ಅದಕ್ಕೆ ಮುನ್ನಾದಿನ ಭೇದಿ ಔಷಧ. ಚಿತ್ತವಾಡ್ಗಿಯ ನಮ್ಮ ವಠಾರಕ್ಕೆ ಇದ್ದದ್ದು ಒಂದೇ ಪಾಯಿಖಾನೆ. ಇಷ್ಟು ದಿನ ಮುಚ್ಚಿಟ್ಟ ಗುಟ್ಟು ಸಂಜೆಯೊಳಗೆ ಓಣಿಗೆಲ್ಲ ರಟ್ಟಾಯಿತು.

ಮರುದಿನ ಡಾಕ್ಟರ ಕೋಣೆಯಲ್ಲಿ, ಕರುಳು ತೋರಿಸುವ ಟಿವಿ ಪಕ್ಕದಲ್ಲೊಂದು ಕಂಪ್ಯೂಟರ್ ಇತ್ತು. "ಇದಕ್ಕ ಕೃತಕ ಬುದ್ಧಿ ಕಲಿಸ್ಯಾರ್ರಿ. ಇನ್ನೂ ಪ್ರಯೋಗದಾಗ ಐತಿ. ಅನುಮಾನ ಬಂದಲ್ಲಿ ಚೌಕ ಹಾಕತೈತಿ" ಎಂದರು. ಅದರ ಮೊದಲ ಚೌಕ ಬಿದ್ದದ್ದು ಮೆಣಸಿನಕಾಯಿ ಬೀಜದ ಮೇಲೆ! "ಬೀಜದ್ದು ಬ್ಯಾಡ ಅಂದಿದ್ದೆ. ಮಿರ್ಚಿ ತಿಂದೀರಿ, ಹೌದಿಲ್ರಿ?" ಅರೆಮಂಪರಿನಲ್ಲಿಯೂ ನನಗೆ ನಾಚಿಕೆಯಾಯಿತು. ಎರಡನೆಯ ಚೌಕ ಬಿದ್ದಾಗ ಡಾಕ್ಟರು ನಗಲಿಲ್ಲ. ತಾವು ದಾಟಿ ಬಂದಿದ್ದ ಕರುಳಿನ ಮಡಿಕೆಗೆ ಹಿಂದಿರುಗಿ, ಅಲ್ಲಿ ಅಡಗಿದ್ದ ಗಂಟೊಂದನ್ನು ಕತ್ತರಿಸಿ ತೆಗೆದರು. "ಸ್ಯಾಂಪಲ್ ಲ್ಯಾಬಿಗೆ ಕಳಸ್ತೀನಿ. ಕ್ಯಾನ್ಸರ್ ಏನರೆ ಐತೇನು ನೋಡೋಣು."

ಜನ್ಮವೆಲ್ಲ ಸ್ಯಾಂಪಲ್ ನೋಡಿದವನು ಈಗ ನಾನೇ ಸ್ಯಾಂಪಲ್ ಆಗಿದ್ದೆ. ನಿಜ ಹೇಳುತ್ತೇನೆ, ಸಾಯುವ ಭಯ ಹುಟ್ಟಿತು. ಶಾಂತಾ ನನ್ನೆದುರು ಧೈರ್ಯ ಹೇಳಿ, ಒಲೆಯೆದುರು ಅಳುತ್ತಿದ್ದಳು.

ಕೊನೆಗೆ ಡಾಕ್ಟರು ನಮ್ಮಿಬ್ಬರನ್ನೂ ಕರೆಸಿದರು. "ಲೋ ಗ್ರೇಡ್ ರೀ!" ಎಂದರು.

ಅಂದರೆ ನಾನು ಗುಡ್ಡದ ಬದಿಗೆ ಸುರಿಯುವ ಮಾಲು! "ಸಾಹೇಬ್ರ, ಸ್ವಲ್ಪನೂ ಹೈ ಗ್ರೇಡ್ ಇಲ್ಲೇನ್ರಿ?" ಎಂದು ಕೈಮುಗಿದೆ.

ಡಾಕ್ಟರು ಬೆಚ್ಚಿಬಿದ್ದರು. "ಬಿಡ್ತು ಅನ್ರಿ! ಇದು ಅದಿರಲ್ಲ, ಕರುಳು. ಇಲ್ಲಿ ಹೈ ಗ್ರೇಡ್ ಅಂದ್ರ ಕ್ಯಾನ್ಸರ್ ಹತ್ರ ಬಂದಂಗ. ನಿಮ್ಮದು ಲೋ ಗ್ರೇಡ್, ಅದನ್ನೂ ಕಿತ್ತು ಹಾಕೇವಿ. ಮುಂದ ಆಗಾಗ ತೋರಿಸ್ಕೊಂಡು ಹೋಗ್ರಿ, ಸಾಕು."

ಶಾಂತಾ ಅಳುತ್ತಲೇ ನಕ್ಕಳು. "ನನ್ನ ಸಾರಿಗೆ ಅಂತಿದ್ರಲ್ಲ, ಈಗ ನಿಮ್ಮ ಹೊಟ್ಟಿ ಒಳಗಿಂದನ ಬಂತು ನೋಡ್ರಿ!"

ಆ ರಾತ್ರಿ ಊಟಕ್ಕೆ ಕುಳಿತೆ. ಸಾರು ಎಂದಿಗಿಂತ ತೆಳ್ಳಗಿತ್ತು, ತಟ್ಟೆಯ ಹೂವಿನ ಚಿತ್ರ ಕಾಣುವಷ್ಟು. "ಹೆಂಗೈತ್ರಿ?" ಎಂದಳು. ಹಾಳು ನಾಲಿಗೆ, ಅಭ್ಯಾಸಬಲದಿಂದ "ಲೋ ಗ್ರೇಡ್" ಎಂದುಬಿಟ್ಟಿತು. ಇದಕ್ಕಿಂತ ದೊಡ್ಡ ಹೊಗಳಿಕೆ ಇನ್ನೇನು ಎಂದುಕೊಂಡ ಶಾಂತಾ, ನಗುತ್ತ ಇನ್ನೆರಡು ಸೌಟು ಸುರಿದಳು. ಯಾವ ಬಾಯಿಂದ ಬೇಡವೆನ್ನಲಿ?